ಗಂಟಿಲ್ಲದ ಬ್ಯಾಟು

ಕಳೆದ ಜೂನ್ ತಿಂಗಳ ಎರಡನೇ ಸೋಮವಾರ ಪಾಂಡವಪುರ ತಾಲ್ಲೂಕಿನ ತೊರೆಕೊಪ್ಪಲು ಬಾಲಕಿಯರ ವಸತಿ ಶಾಲೆಗೆ ಅಲ್ಯೂಮಿನಿಯಂ ಮಿಶ್ರಲೋಹದ ಬೇಸ್‌ಬಾಲ್ ಬ್ಯಾಟು ಒಂದು ಬಂದು ತಲುಪಿತು. ಉದ್ದ ಮೂವತ್ತೆರಡು ಇಂಚು. ಹಿಡಿಗೆ ಕಪ್ಪು ರಬ್ಬರು, ಉಳಿದದ್ದೆಲ್ಲ ಹೊಳೆಯುವ ಲೋಹ. ಅದರ ಬಗ್ಗೆ ಯಾರ ತಕರಾರೂ ಇರಲಿಲ್ಲ. ಯಾರ ತಕರಾರೂ ಇಲ್ಲದ ವಸ್ತುವನ್ನು ಹಾಗೇ ಮಕ್ಕಳ ಕೈಗೆ ಕೊಡುವುದು ಕ್ರಮವಲ್ಲವಾದ್ದರಿಂದ, ಅದರ ಕಾರ್ಯಕ್ಷಮತೆ ಮತ್ತು ವಿನ್ಯಾಸವನ್ನು ಪರಿಶೀಲಿಸಲು ನಾಲ್ಕು ತಾಲ್ಲೂಕುಗಳ ಕ್ರೀಡಾ ಪರಿಕರ ಮೌಲ್ಯಮಾಪನ ಸಮಿತಿಯನ್ನು ಕೋರಲಾಯಿತು.

ಸಮಿತಿಯಲ್ಲಿ ತಾಲ್ಲೂಕಿಗೆ ಒಬ್ಬರಂತೆ ನಾಲ್ವರು ಸದಸ್ಯರು. ಶ್ರೀರಂಗಪಟ್ಟಣದಿಂದ ಅಧ್ಯಕ್ಷ ಶಿವಲಿಂಗಯ್ಯನವರು. ಮೂವತ್ತೊಂದು ವರ್ಷ ಕಚೇರಿಯಲ್ಲಿ ಕೆಲಸ ಮಾಡಿ, ಒಂದು ಕಡತವನ್ನೂ ಕಳೆಯದೆ, ಒಂದನ್ನೂ ಮುಗಿಸದೆ ನಿವೃತ್ತರಾದವರು. ನಾಗಮಂಗಲದಿಂದ ಪಾತ್ರೆ ಅಂಗಡಿಯ ಅಂದಾನಯ್ಯನವರು. ಕೆ.ಆರ್. ಪೇಟೆಯಿಂದ ಹಾಲಿನ ಸೊಸೈಟಿಯ ಚಲುವಯ್ಯನವರು. ಪಾಂಡವಪುರದ ಸ್ಥಾನ ನಾಲ್ಕು ವರ್ಷದಿಂದ ಖಾಲಿಯಿತ್ತು. ಆ ಕುರ್ಚಿಗೆ ಬ್ಯಾಟನ್ನು ಒರಗಿಸಿಟ್ಟು ನಾಲ್ವರೂ ಹಾಜರೆಂದು ಬರೆದುಕೊಳ್ಳಲಾಯಿತು.

ಸಮಿತಿಗೆ ನಿಯಮಗಳು ಹಲವು. ನಮಗೆ ಬೇಕಾದವು ಮೂರು. ನಿಯಮ ಮೂರರ ಪ್ರಕಾರ ಪ್ರತಿ ಸಭೆಯೂ ಊಟದೊಂದಿಗೆ ಮುಗಿಯಬೇಕು. ನಿಯಮ ಏಳರ ಪ್ರಕಾರ ಮೌಲ್ಯಮಾಪನವಾಗದ ವಸ್ತುವನ್ನು ಬಳಸುವಂತಿಲ್ಲ. ನಿಯಮ ಎಂಟರ ಪ್ರಕಾರ ಈಗಾಗಲೇ ಬಳಕೆಯಲ್ಲಿರುವ ವಸ್ತು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ಹೀಗಾಗಿ ಬ್ಯಾಟಿನ ಗುಣವನ್ನು ಚೆಂಡು ಹೊಡೆಯದೆಯೇ ಕಂಡುಹಿಡಿಯಬೇಕಾಗಿತ್ತು. ಸಮಿತಿ ಇದನ್ನು ಧೈರ್ಯದಿಂದ ಎದುರಿಸಿತು.

ಶಾಲೆಯ ಬೇಸ್‌ಬಾಲ್ ತಂಡದ ಮುಂದಾಳು ಹತ್ತನೇ ತರಗತಿಯ ತನುಶ್ರೀ. ಎರಡು ವರ್ಷದಿಂದ ಅವಳು ತೆಂಗಿನ ಮಟ್ಟೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಅವಳ ಹೊಡೆತಕ್ಕೆ ಚೆಂಡು ಹತ್ತು ಮಾರು ಹೋದರೆ ಮಟ್ಟೆಯ ತುಂಡು ಇಪ್ಪತ್ತು ಮಾರು ಹೋಗುತ್ತಿತ್ತು. ಡಿಸೆಂಬರ್ ಮೂರನೇ ಶನಿವಾರ ಶ್ರೀರಂಗಪಟ್ಟಣದಲ್ಲಿ ಪಂದ್ಯ. ಸ್ವಂತ ಬ್ಯಾಟಿಲ್ಲದ ತಂಡಕ್ಕೆ ಪ್ರವೇಶವಿಲ್ಲ. ಮಾರ್ಚ್ ಕಳೆದರೆ ತನುಶ್ರೀ ಆ ಶಾಲೆಯವಳಲ್ಲ. ಇವೆಲ್ಲ ಸಮಿತಿಗೆ ಗೊತ್ತಿದ್ದವು, ಅರ್ಜಿಯಲ್ಲಿ ಬರೆದಿತ್ತು.

"ಸಾ, ಒಂದೇ ಒಂದ್ ಸಲ ಹೊಡ್ದು ಕೊಟ್ಬುಡ್ತೀನಿ ಸಾ," ಎಂದು ಅವಳು ಮೊದಲ ದಿನವೇ ಕೇಳಿದಳು.

"ಹೊಡೆದರೆ ಅದು ಬಳಕೆ ಆಗುತ್ತದೆ ಮಗಳೇ," ಎಂದರು ಶಿವಲಿಂಗಯ್ಯನವರು. "ಬಳಸಿದ್ದನ್ನು ನಾವು ಮೌಲ್ಯಮಾಪನ ಮಾಡುವ ಹಾಗಿಲ್ಲ. ಮೌಲ್ಯಮಾಪನ ಮಾಡದೆ ನೀನು ಹೊಡೆಯುವ ಹಾಗಿಲ್ಲ. ಇಷ್ಟು ಸರಳವಾಗಿದೆ."

ಮೊದಲ ಸಭೆ ನಾಗಮಂಗಲದಲ್ಲಿ, ಅಂದಾನಯ್ಯನವರ ಅಂಗಡಿಯ ಮೇಲುಪ್ಪರಿಗೆಯಲ್ಲಿ ನಡೆಯಿತು. ಅವರು ಬ್ಯಾಟನ್ನು ಕಿವಿಯ ಹತ್ತಿರ ಹಿಡಿದು ಗೆಣ್ಣಿನಿಂದ ಬಡಿದು ನೋಡಿದರು. ಡಬರಿಯನ್ನೂ ಕೊಳಗವನ್ನೂ ಅವರು ಹೀಗೇ ನೋಡುವುದು. ಬ್ಯಾಟು ಠಣ್ ಎಂದಿತು.

"ಒಳಗೆ ಟೊಳ್ಳು," ಎಂದು ಘೋಷಿಸಿದರು. ಆಮೇಲೆ ಪೆಟ್ಟಿಗೆಯ ಮೇಲಿನ ಅಕ್ಷರ ಓದಿದರು. ಅಲ್ಯೂಮಿನಿಯಂ ಜೊತೆಗೆ ಸತು, ತಾಮ್ರ, ಮೆಗ್ನೀಷಿಯಂ ಸೇರಿದೆ ಎಂದು ಅಲ್ಲಿತ್ತು. ಅಂದಾನಯ್ಯನವರ ಕಣ್ಣು ತುಂಬಿ ಬಂತು. "ನೋಡಿ ಸ್ವಾಮಿ, ನಲವತ್ತು ವರ್ಸದಿಂದ ವ್ಯಾಪಾರ ಮಾಡ್ತಾವ್ನಿ. ಕಲಬೆರಕೆ ಮಾಡಿವ್ನಿ ಅಂತ ಪೆಟ್ಟಿಗೆ ಮೇಲೇ ಬರ್ಕೊಂಡಿರೋ ಕಂಪನೀನ ಇವತ್ತೇ ನೋಡಿದ್ದು. ಏನ್ ನಿಯತ್ತು!"

ನಿಯತ್ತು ಉತ್ತಮವಾಗಿದೆ ಎಂದು ವರದಿಯ ಮೊದಲ ಸಾಲು ದಾಖಲಾಯಿತು. ಊಟಕ್ಕೆ ನಾಟಿಕೋಳಿ ಸಾರಿತ್ತು. ಸಾರು ಇನ್ನೂ ಉಳಿದಿದ್ದ ಕಾರಣ ಅದೇ ವಿಷಯದ ಮೇಲೆ ಮಾರನೆಯ ದಿನವೂ ಸಭೆ ಸೇರಲಾಯಿತು.

ಕೆ.ಆರ್. ಪೇಟೆಯ ಸಭೆಗೆ ಬ್ಯಾಟು ಹೋದದ್ದು ಆಗಸ್ಟ್‌ನಲ್ಲಿ. ಚಲುವಯ್ಯನವರಿಗೆ ಟೊಳ್ಳಿನ ವಿಷಯ ನಿದ್ದೆಗೆಡಿಸಿತ್ತು. ಟೊಳ್ಳು ಎಂದ ಮೇಲೆ ಅದಕ್ಕೊಂದು ಅಳತೆ ಇರಲೇಬೇಕು. ಒಳಗೆ ಎಷ್ಟು ಹಾಲು ಹಿಡಿಯುತ್ತದೆ ಎಂಬುದು ಅವರ ಪ್ರಶ್ನೆ. ಬ್ಯಾಟಿಗೆ ಮುಚ್ಚಳವಿರಲಿಲ್ಲ. ಇಡೀ ಬ್ಯಾಟನ್ನು ತುಂಬಿದ ಹಾಲಿನ ತೊಟ್ಟಿಯೊಳಗೆ ಮುಳುಗಿಸಿ, ಹೊರಗೆ ಚೆಲ್ಲಿದ ಹಾಲನ್ನು ಅಳೆದರು. ಅದರಿಂದ ತಿಳಿಯುವುದು ಬ್ಯಾಟಿನ ಹೊರಗಾತ್ರವೇ ಹೊರತು ಒಳಗಾತ್ರವಲ್ಲ ಎಂದು ಬ್ಯಾಟಿನ ಜೊತೆ ಬಂದಿದ್ದ ಶಾಲೆಯ ದೈಹಿಕ ಶಿಕ್ಷಕಿ ರಂಜಿತ ಎದ್ದು ನಿಂತು ಹೇಳಿದರು.

"ಕೂತ್ಕಳಮ್ಮ," ಎಂದರು ಚಲುವಯ್ಯನವರು. "ನಾನು ದಿನಾ ಬೆಳಗ್ಗೆ ಅಳತೆ ಮಾಡೋನು."

ಬ್ಯಾಟು ಹಾಲನ್ನು ಕೆಡಿಸುವುದಿಲ್ಲ ಎಂದು ಎರಡನೇ ಸಾಲು ಸೇರಿತು. ಚೆಲ್ಲಿದ ಹಾಲನ್ನು ಪಾಯಸಕ್ಕೆ ಬಳಸಿಕೊಂಡದ್ದರಿಂದ ಪೋಲಾಗಲಿಲ್ಲ.

ಅಕ್ಟೋಬರ್‌ನಲ್ಲಿ ಅಧ್ಯಕ್ಷರು ಬ್ಯಾಟನ್ನು ಗಂಜಾಂಗೆ ಕೊಂಡೊಯ್ದು ನಿಮಿಷಾಂಬ ದೇವಿಯ ಮುಂದಿಟ್ಟು ಪೂಜೆ ಮಾಡಿಸಿದರು. ಬೇಡಿದ್ದನ್ನು ನಿಮಿಷದಲ್ಲಿ ಕೊಡುವ ತಾಯಿ ಎಂಬ ನಂಬಿಕೆ. ತನುಶ್ರೀಯೂ ಬಂದು ಕೈಮುಗಿದು ನಿಂತಿದ್ದಳು. ಒಂದು ನಿಮಿಷ ಕಳೆಯಿತು. ಅಧ್ಯಕ್ಷರು ಗಡಿಯಾರ ನೋಡಿಕೊಂಡು ಮುಂದಿನ ಸಭೆಯನ್ನು ಡಿಸೆಂಬರ್‌ಗೆ ಹಾಕಿದರು. ದೇವಸ್ಥಾನದ ಹೊರಗೆ ದೃಷ್ಟಿ ತೆಗೆಯಲು ಬೂದುಗುಂಬಳ ಒಡೆಯುವಾಗ ಅದು ಅಧ್ಯಕ್ಷರ ಕೈಜಾರಿ ಬ್ಯಾಟಿನ ಮೇಲೆ ಬಿದ್ದು ಎರಡು ಹೋಳಾಯಿತು. ಬ್ಯಾಟು ಕುಂಬಳಕಾಯಿಯನ್ನು ಹೊಡೆದಿಲ್ಲ, ಕುಂಬಳಕಾಯಿಯೇ ಬ್ಯಾಟನ್ನು ಹೊಡೆದಿದೆ. ಆದ್ದರಿಂದ ಇದು ಬಳಕೆಯಲ್ಲ ಎಂದು ಅಡಿಟಿಪ್ಪಣಿ ಬರೆದು ಮೂವರೂ ಸಹಿ ಹಾಕಿದರು. ನಾಲ್ಕನೆಯ ಸಹಿಯ ಜಾಗದಲ್ಲಿ ಬ್ಯಾಟಿನ ತುದಿಗೆ ಶಾಯಿ ಬಳಿದು ಒತ್ತಲಾಯಿತು.

ಹೀಗೆ ಪಂದ್ಯಕ್ಕೆ ಮೂರು ದಿನ ಉಳಿದಿರುವಾಗ ಕೊನೆಯ ಸಭೆ ಶಾಲೆಯಲ್ಲೇ ಸೇರಿತು. ಕಾರ್ಯಸೂಚಿಯಲ್ಲಿ ಒಂದೇ ವಿಷಯವಿತ್ತು: ಇನ್ನೊಂದು ಸಭೆ ಬೇಕೇ ಬೇಡವೇ. ಆಟದ ಕೊಠಡಿಯಲ್ಲಿ ಗಾಳಿಯಿಲ್ಲದ್ದರಿಂದ ಅಡುಗೆಮನೆಯ ಜಗಲಿಯಲ್ಲಿ ಕುರ್ಚಿ ಹಾಕಿದ್ದರು. ಪಾಂಡವಪುರದ ಕುರ್ಚಿ ಗೋಡೆಗೆ ತಾಗಿತ್ತು. ಅದಕ್ಕೆ ಬ್ಯಾಟು ಒರಗಿತ್ತು.

ಆ ಬೆಳಗ್ಗೆ ಅಡುಗೆಯ ಸೋಮಮ್ಮನ ಮುದ್ದೆ ಕೋಲು ಹಿಟ್ಟು ತಿರುವುತ್ತಿರುವಾಗಲೇ ಮುರಿದಿತ್ತು. ಹನ್ನೊಂದು ವರ್ಷ ದುಡಿದ ಕೋಲು. ಒಲೆಯ ಮೇಲೆ ಇನ್ನೂರ ಹತ್ತು ಮಕ್ಕಳ ಎಸರು ಕುದಿಯುತ್ತಿತ್ತು, ರಾಗಿ ಹಿಟ್ಟು ಆಗಲೇ ಸುರಿದಾಗಿತ್ತು. ಈ ಕಡೆಯ ಹೆಂಗಸಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ: ಹಿಟ್ಟು ಬಿದ್ದ ಮೇಲೆ ಕೋಲು ಆಡಲೇಬೇಕು, ಇಲ್ಲದಿದ್ದರೆ ಗಂಟಾಗುತ್ತದೆ. ಗಂಟಾದ ಮುದ್ದೆಯನ್ನು ಹೊರಗಿನವರಿಗೆ ಬಡಿಸಿದವಳು ಆಮೇಲೆ ಊರಲ್ಲಿ ತಲೆಯೆತ್ತಿ ನಡೆಯುವಂತಿಲ್ಲ. ಸೋಮಮ್ಮ ಬಾಗಿಲಿಗೆ ಬಂದು ಅತ್ತಿತ್ತ ನೋಡಿದಳು. ಕೈಗೆ ಸಿಕ್ಕಿದ್ದನ್ನು ತೊಳೆದುಕೊಂಡು ಒಳಗೆ ಹೋದಳು. ಸಮಿತಿ ಆಗ ಕಾಫಿ ಕುಡಿಯುತ್ತಿತ್ತು.

ಊಟಕ್ಕೆ ಕೂತಾಗ ಶಿವಲಿಂಗಯ್ಯನವರು ಮೊದಲ ತುತ್ತು ನುಂಗಿ ತಟ್ಟೆ ನೋಡಿದರು. ಎರಡನೇ ತುತ್ತು ನುಂಗಿ ಕಣ್ಣು ಮುಚ್ಚಿದರು.

"ಸೋಮಮ್ಮ, ಏನಿದು? ಬೆಣ್ಣೆ ನುಂಗಿದ ಹಾಗೆ ಇಳಿಯುತ್ತಿದೆಯಲ್ಲ! ಒಂದು ಗಂಟಿಲ್ಲ."

"ನಿಮ್ ಕೋಲು ಸಾ," ಎಂದಳು ಸೋಮಮ್ಮ. "ಭಾಳ ಚೆಂದಾಗ್ ಮಾಡಿವ್ರೆ. ಹಗೂರ, ತೋಳು ನೋಯಾಕಿಲ್ಲ. ಇಡಿಗೆ ರಬ್ಬರು ಸುತ್ತವ್ರೆ, ಕೈ ಸುಡಾಕಿಲ್ಲ. ತುದೀಲಿ ಗುಬಟು ಇಟ್ಟವ್ರೆ, ಬೆವ್ರಿದ್ರೂ ಜಾರಾಕಿಲ್ಲ. ಕೆಳೀಕೆ ಬತ್ತಾ ಬತ್ತಾ ದಪ್ಪ, ತಳ ಮುಟ್ಟಿ ತಿರುವ್ತದೆ. ಮಾಡ್ದೋನು ಇಟ್ಟು ತಿನ್ನೋರ ಮನೇಲಿ ಉಟ್ಟಿರ್ಬೇಕು, ಪುಣ್ಯಾತ್ಮ."

ಆರು ತಿಂಗಳಲ್ಲಿ ಆ ಬ್ಯಾಟಿನ ವಿನ್ಯಾಸದ ಬಗ್ಗೆ ಯಾರಾದರೂ ಆಡಿದ ಮೊದಲ ಮಾತುಗಳು ಇವು. ಅಂದಾನಯ್ಯನವರ ಕೈ ಸಾರಿನಲ್ಲೇ ನಿಂತಿತು.

"ಬಳಸ್ಬುಟ್ಲಲ್ಲಪ್ಪಾ!" ಎಂದರು ಚಲುವಯ್ಯನವರು. "ನಿಯಮ ಏಳು!"

"ಉಂಡವರು ಯಾರು?" ಎಂದು ಕೇಳಿದರು ರಂಜಿತ. ಧ್ವನಿ ಬಹಳ ವಿನಯದಿಂದ ಕೂಡಿತ್ತು.

ಸಮಿತಿ ತನ್ನ ತಟ್ಟೆಗಳನ್ನು ನೋಡಿಕೊಂಡಿತು. ಶಿವಲಿಂಗಯ್ಯನವರದು ಎರಡನೇ ಮುದ್ದೆ.

ತುರ್ತು ನಿರ್ಣಯ ಕೈತೊಳೆಯುವ ಮುಂಚೆಯೇ ಅಂಗೀಕಾರವಾಯಿತು. ಸದರಿ ವಸ್ತು ಮೊದಲಿನಿಂದಲೂ ಮುದ್ದೆ ಕೋಲೇ ಆಗಿದ್ದು, ಬ್ಯಾಟೆಂದು ಭಾವಿಸಿದ್ದು ಪೆಟ್ಟಿಗೆಯವರ ತಪ್ಪು. ಅದರ ಕಾರ್ಯಕ್ಷಮತೆ ಉತ್ತಮ, ಗಂಟಿಲ್ಲ. ಅದನ್ನು ಅಡುಗೆಮನೆಯ ದಾಸ್ತಾನಿಗೆ ಸೇರಿಸತಕ್ಕದ್ದು.

ಕಂಬದ ಹಿಂದೆ ನಿಂತಿದ್ದ ತನುಶ್ರೀ ಇದನ್ನೆಲ್ಲ ಕೇಳಿಸಿಕೊಂಡು ಅಳಲಿಲ್ಲ. ಮೂಗು ಮಾತ್ರ ಕೆಂಪಾಯಿತು. "ಅಂಗಾರೆ ನಾವು ಶನಿವಾರ ಏನ್ ಇಡ್ಕೊಂಡ್ ಓಗದು ಮಿಸ್? ಸೌಟಾ?"

ರಂಜಿತ ಆಗಲೇ ನಿಯಮಗಳ ಪುಸ್ತಕವನ್ನು ತೆರೆದು ಬೆರಳಿಟ್ಟು ಓದುತ್ತಿದ್ದರು. "ಸರ್, ಅಡುಗೆಮನೆಯಲ್ಲಿ ಇದು ಬಳಕೆಯಲ್ಲಿದೆ ಅಲ್ಲವೇ?"

"ಇದೆ," ಎಂದರು ಅಧ್ಯಕ್ಷರು.

"ಬಳಕೆಯಲ್ಲಿರುವ ವಸ್ತು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ನಿಯಮ ಎಂಟು."

"ಬರುವುದಿಲ್ಲ."

"ಹಾಗಾದರೆ ಸೋಮಮ್ಮ ತಮ್ಮ ಮುದ್ದೆ ಕೋಲನ್ನು ಶನಿವಾರ ಮಕ್ಕಳಿಗೆ ಎರವಲು ಕೊಟ್ಟರೆ ಸಮಿತಿಗೆ ಸಂಬಂಧವಿಲ್ಲ."

ಶಿವಲಿಂಗಯ್ಯನವರು ಬಹಳ ಹೊತ್ತು ಯೋಚಿಸಿದರು. ಮೂವತ್ತೊಂದು ವರ್ಷದ ಅನುಭವದಲ್ಲಿ ಇದಕ್ಕೆ ಒಂದು ಅಡ್ಡಿಯೂ ಹೊಳೆಯಲಿಲ್ಲ. ಅವರಿಗೆ ಮೈ ಸ್ವಲ್ಪ ಹುಷಾರು ತಪ್ಪಿದಂತಾಗಿ ಮಜ್ಜಿಗೆ ಕೇಳಿದರು.

ಅಡ್ಡಿ ಬಂದದ್ದು ಸೋಮಮ್ಮನಿಂದ. "ನನ್ ಕೋಲು ನಾನಿಲ್ದೆ ಎಲ್ಲೂ ಓಗಾಕಿಲ್ಲ. ಓದ್ಸಲ ಆಟದ್ ಮೇಷ್ಟ್ರು ಕೊಳಗ ಇಸ್ಕೊಂಡ್ ಓದೋರು ಇವತ್ತಿನ್ಗಂಟ ತಂದಿಲ್ಲ. ಸಂಜೆ ಐದಕ್ಕೆ ಹಿಟ್ಟು ಬೀಳ್ಬೇಕು. ಅಲ್ಲಿಗೇ ಪಾತ್ರೆ ತತ್ತೀನಿ."

ಶನಿವಾರ ಶ್ರೀರಂಗಪಟ್ಟಣದ ಮೈದಾನಕ್ಕೆ ತೊರೆಕೊಪ್ಪಲಿನ ತಂಡ, ಸೋಮಮ್ಮ, ಒಂದು ಕೊಳಗ, ಎರಡು ಮೂಟೆ ರಾಗಿ ಹಿಟ್ಟು ಮತ್ತು ಮೂರು ಕಲ್ಲು ಒಂದೇ ಟೆಂಪೋದಲ್ಲಿ ಬಂದಿಳಿದವು. ಎದುರಾಳಿಗಳು ಕೆ.ಆರ್. ಪೇಟೆಯ ಹುಡುಗಿಯರು. ಅವರ ಬ್ಯಾಟು ಅದೇ ಸಮಿತಿಯಲ್ಲಿ ಎರಡನೇ ವರ್ಷ ಪರಿಶೀಲನೆಯಲ್ಲಿತ್ತು. ಆದ್ದರಿಂದ ಅವರು ಬರಿಗೈಲಿ ಬಂದು ಸಾಲಾಗಿ ನಿಂತಿದ್ದರು.

ಅಂಪೈರು ಧರ್ಮೇಂದ್ರ ಕೋಲಿನ ಜೊತೆ ಬಂದ ದಾಸ್ತಾನು ಚೀಟಿ ಓದಿದರು: ಅಡುಗೆ ಸಾಮಗ್ರಿ, ಮುದ್ದೆ ಕೋಲು, ಒಂದು. ಕೋಲನ್ನು ನೋಡಿದರು. ಆಟದ ನಿಯಮ ನೋಡಿದರು. ದುಂಡಗಿರಬೇಕು, ನಯವಾಗಿರಬೇಕು ಎಂದಿತ್ತು. ಮುದ್ದೆ ತಿರುವಿರಬಾರದು ಎಂದು ಎಲ್ಲೂ ಇರಲಿಲ್ಲ.

"ಪಾಸು. ಅವರ ಹತ್ತಿರ ಏನೂ ಇಲ್ಲ. ತೊರೆಕೊಪ್ಪಲು ಗೆದ್ದಿದೆ, ಹೋಗಿ."

"ಹೊಡೀದೇನೇ ಗೆಲ್ಲಕ್ಕಾ ಸಾ ನಾನು ಆರ್ ತಿಂಗ್ಳು ಕಾದಿದ್ದು?" ಎಂದಳು ತನುಶ್ರೀ. ಹೋಗಿ ಎದುರಾಳಿ ನಾಯಕಿಯ ಕೈಗೆ ಕೋಲು ಕೊಟ್ಟಳು. "ತಗಳೇ, ಮೊದ್ಲು ನೀವು ಆಡಿ. ಕೆಳಗೆ ಆಕ್ಬೇಡ, ಸೋಮಕ್ಕ ಬಯ್ತದೆ."

ಹೀಗೆ ಒಂದೇ ಮುದ್ದೆ ಕೋಲಿನಲ್ಲಿ ಎರಡು ತಂಡಗಳೂ ಆಡಿದವು. ಸರದಿ ಮುಗಿದಾಗಲೆಲ್ಲ ಸೋಮಮ್ಮ ಕೋಲನ್ನು ಇಸಿದುಕೊಂಡು ಸೆರಗಿನಲ್ಲಿ ಒರೆಸಿ ಕೊಡುತ್ತಿದ್ದಳು. ಐದು ಗಂಟೆಗೆ ಅಂಕ ಸಮಸಮ. ತನುಶ್ರೀಯ ಕೊನೆಯ ಸರದಿ. ಬೇಲಿಯ ಪಕ್ಕ ಮೂರು ಕಲ್ಲಿನ ಮೇಲೆ ಎಸರು ಮರಳುತ್ತಿತ್ತು.

"ತನು, ಕೋಲ್ ಕೊಡವ್ವ. ಇಟ್ಟು ಸುರಿದ್ಬುಟ್ಟಿವ್ನಿ!"

"ಒಂದೇ ಒಂದು ಸೋಮಕ್ಕ!"

"ಒಂದೇಯಾ. ಗಂಟಾದ್ರೆ ನಿಂಗೇ ತಿನ್ನುಸ್ತೀನಿ!"

ಚೆಂಡು ಬಂತು. ತನುಶ್ರೀ ಎರಡು ವರ್ಷದ ತೆಂಗಿನ ಮಟ್ಟೆಗಳನ್ನೆಲ್ಲ ಸೇರಿಸಿ ಬೀಸಿದಳು. ನಾಗಮಂಗಲದಲ್ಲಿ ಕೇಳಿದ್ದ ಅದೇ ಠಣ್ ಈಗ ಮೈದಾನದ ತುಂಬ ಕೇಳಿಸಿತು. ಚೆಂಡು ಬೇಲಿ ದಾಟಿ, ಅದರಾಚೆಯ ಕಬ್ಬಿನ ಗದ್ದೆ ಸೇರಿತು. ಅವಳು ಕೋಲನ್ನು ಕೆಳಗೆ ಹಾಕಲಿಲ್ಲ. ಅದನ್ನು ಹಿಡಿದುಕೊಂಡೇ ನಾಲ್ಕು ಮೂಲೆಯನ್ನೂ ಸುತ್ತಿ, ಗೆರೆ ಮುಟ್ಟಿ, ನಿಲ್ಲದೆ ಒಲೆಯವರೆಗೂ ಓಡಿ ಸೋಮಮ್ಮನ ಕೈಗೆ ಕೊಟ್ಟಳು. ಮುದ್ದೆ ಗಂಟಾಗಲಿಲ್ಲ. ಎರಡು ತಂಡಗಳೂ ಅಂಪೈರೂ ಅಲ್ಲೇ ಕೂತು ಉಂಡರು. ಸಮಿತಿಯವರೂ ವೀಕ್ಷಕರಾಗಿ ಬಂದಿದ್ದು ನಿಯಮ ಮೂರನ್ನು ಪಾಲಿಸಿದರು.

ಜನವರಿಯಲ್ಲಿ ಸಮಿತಿಯ ಹೊಸ ಆದೇಶ ಹೊರಬಿತ್ತು. ಯಾವುದೇ ಕ್ರೀಡಾ ಪರಿಕರವನ್ನು ಮೊದಲು ಅಡುಗೆಮನೆಯಲ್ಲಿ ಕನಿಷ್ಠ ಒಂದು ಹೊತ್ತು ಬಳಸಿ, ಆನಂತರ ಮೈದಾನಕ್ಕೆ ಕಳಿಸತಕ್ಕದ್ದು. ನಾಲ್ಕು ತಾಲ್ಲೂಕುಗಳ ಶಾಲೆಗಳೂ ಇದನ್ನು ಸಂತೋಷದಿಂದ ಪಾಲಿಸುತ್ತಿವೆ. ಎಸೆತದ ಗುಂಡು ಬೆಳ್ಳುಳ್ಳಿ ಜಜ್ಜುತ್ತದೆ, ಡಿಸ್ಕಸ್ ಸಾರಿನ ಮೇಲೆ ಮುಚ್ಚಳವಾಗಿದೆ, ವಾಲಿಬಾಲ್ ಬಲೆಯಲ್ಲಿ ಸೊಪ್ಪು ಸೋಸುತ್ತಾರೆ. ಇದಕ್ಕಿಂತ ಮುಂಚೆ ಹೇಗೆ ನಡೆಯುತ್ತಿತ್ತು ಎಂದು ಕೇಳಿದರೆ ಯಾರಿಗೂ ಸರಿಯಾಗಿ ನೆನಪಿಲ್ಲ.

ತನುಶ್ರೀಗೆ ಪ್ರಮಾಣಪತ್ರ ಕೊಡುವಾಗ ಅಧ್ಯಕ್ಷರು ಹೊಸದಾಗಿ ಬರೆಯುವ ತೊಂದರೆ ತೆಗೆದುಕೊಳ್ಳಲಿಲ್ಲ. ಬ್ಯಾಟಿನ ವರದಿಯನ್ನೇ ನಕಲು ಮಾಡಿ ಮೇಲೆ ಅವಳ ಹೆಸರು ಬರೆದರು. ಅವಳು ಅದಕ್ಕೆ ಚೌಕಟ್ಟು ಹಾಕಿಸಿ ಮನೆಯ ನಡುಗೋಡೆಗೆ ತೂಗುಹಾಕಿದ್ದಾಳೆ. ಬಂದವರೆಲ್ಲ ನಿಂತು ಓದಿ, ತಲೆದೂಗಿ, ಒಳ್ಳೆಯ ಹುಡುಗಿ ಎನ್ನುತ್ತಾರೆ. ಅದರಲ್ಲಿ ಹೀಗಿದೆ: ನಿಯತ್ತು ಉತ್ತಮ. ಹಾಲನ್ನು ಕೆಡಿಸುವುದಿಲ್ಲ. ಕುಂಬಳಕಾಯಿ ಬಿದ್ದರೂ ಬಗ್ಗುವುದಿಲ್ಲ. ಗಂಟಿಲ್ಲ.