ತೂತಿಲ್ಲದ ದೋಣಿ

ದೋಣಿಗೆ ಮರಳಿದ ಮಾರನೆಯ ಬೆಳಿಗ್ಗೆ ಬಸವಂತಪ್ಪನವರು ಚಪ್ಪಲಿ ಹುಡುಕುತ್ತ ಮಲಗುವ ಕೋಣೆಗೆ ಇಳಿದರು. ಚಪ್ಪಲಿಯೇ ತೇಲಿಕೊಂಡು ಅವರನ್ನು ಹುಡುಕಿ ಬಂತು.

ನೆಲದ ತುಂಬ ನೀರು!

ರಿಟೈರಾದ ಮೇಲೆ ಗಂಡ ಹೆಂಡತಿ ಮನೆ ಮಾರಿ ಅಮೆರಿಕದ ಅಕೊಕ್ವಾನ್ ನದಿಯಲ್ಲಿ ಈ ದೋಣಿಯಲ್ಲೇ ಸಂಸಾರ ಹೂಡಿದ್ದರು. ಗಂಡನ ಮೊಣಕಾಲಿನ ಆಪರೇಷನ್ನಿನಿಂದಾಗಿ ಚಳಿಗಾಲವನ್ನು ಹತ್ತಿರದ ಶ್ಯಾಂಟಿಲಿ ಊರಿನ ಮಗಳ ಮನೆಯ ಬೇಸ್‌ಮೆಂಟಿನಲ್ಲಿ ಕಳೆಯಬೇಕಾಯಿತು. ಬೀಳ್ಕೊಡುವಾಗ ಮಗಳು ಶ್ರೀದೇವಿ, "ಅಪ್ಪಾ, ಒಂದು ಪ್ರಾಬ್ಲಮ್ ಆದ್ರೂ ಬೋಟ್ ಮಾರಿಬಿಡೋದು" ಎಂದಿದ್ದಳು.

ಹೆಂಡತಿ ಗಂಗಾಂಬಿಕಾ ಡಾಕ್ಟರಾಗಿದ್ದವರು. ಕಾಯಿಲೆ ಮುಚ್ಚಿಡುವವರನ್ನು ಕಂಡರೆ ಅವರಿಗೆ ಆಗದು. ತಿಳಿದರೆ ಮಗಳಿಗೆ ಫೋನು ಖಂಡಿತ. ಬಸವಂತಪ್ಪನವರು ಬಾಗಿಲು ಮುಚ್ಚಿಕೊಂಡು ಮೊದಲು ಟವೆಲ್ಲಿನಿಂದ, ಆಮೇಲೆ ಹೊದಿಕೆಯಿಂದ ನೀರು ಒತ್ತಿ ಕಿಟಕಿಯಾಚೆ ಹಿಂಡತೊಡಗಿದರು. ಹಿಂಡಿದಷ್ಟೂ ನೀರು ಹೆಚ್ಚುತ್ತಿತ್ತು.

"ಏನ್ ಮಾಡಾಕತ್ತೀರಿ?" ಇನ್ನೊಂದು ತುದಿಯ ಅಡುಗೆಕೋಣೆಯಿಂದ ದನಿ ಬಂತು.

"ನೆಲ ಒರಸಾಕತ್ತೀನಿ!"

ಮದುವೆಯಾದಂದಿನಿಂದ ಗಂಗಾಂಬಿಕಾ ಕೇಳಿರದ ಮಾತದು. ಆದರೂ, "ಒರಸ್ರಿ, ಒರಸ್ರಿ. ಈ ಕಡೆ ಮಾತ್ರ ಬರಬ್ಯಾಡ್ರಿ" ಎಂದರು.

ಅಷ್ಟರಲ್ಲಿ ಪಕ್ಕದ ದೋಣಿಯ ವೇಣುಗೋಪಾಲ ಕಿಟಕಿಯಲ್ಲಿ ತಲೆ ತೂರಿಸಿದ. "ಸಾರ್, ಆಗ್ಲಿಂದ ಹಿಂಡ್ತಾನೇ ಇದೀರಾ. ಬೋಟ್ ಮುಳುಗ್ತಿದ್ಯಾ?"

"ಮೆಲ್ಲಗ ಮಾತಾಡ್ರಿ, ಆಕಿಗೆ ಕೇಳ್ಸತೈತಿ!"

ವೇಣುಗೋಪಾಲನ ಪಿಸುಮಾತು ಚುನಾವಣೆಯ ಮೈಕಿನಂತೆ ನದಿಯುದ್ದಕ್ಕೂ ಹರಡಿತು. ಒಬ್ಬರು ಪಂಪು ತಂದರು. ಇನ್ನೊಬ್ಬರು ಬಸವಂತಪ್ಪನವರು ಬೇಡವೆಂದರೂ ಲೈಫ್ ಜಾಕೆಟ್ ತೊಡಿಸಿ ಬಿಗಿದರು. "ಮೊದ್ಲು ಆಂಟೀನ ಹೊರಗೆ ಕರ್ಕೊಂಡು ಬನ್ನಿ!" ಎಂದು ವೇಣುಗೋಪಾಲ ಅಡುಗೆಕೋಣೆಯ ಬಾಗಿಲು ನೂಕಿದ.

ಒಳಗೆ ಗಂಗಾಂಬಿಕಾ ಸೀರೆ ಎತ್ತಿಕಟ್ಟಿ, ಪಾದ ಮುಳುಗುವ ನೀರಿನಲ್ಲಿ ನಿಂತು, ಗಂಡನ ಹೊಸ ಜುಬ್ಬವನ್ನು ಬಕೆಟ್ಟಿಗೆ ಹಿಂಡುತ್ತಿದ್ದರು!

"ನಿಮಗ ಗೊತ್ತಾದ್ರ ಶ್ರೀದೇವಿಗೆ ಹೇಳ್ತೀರಿ ಅಂತ..." ಹಿಂದೆಯೇ ಬಂದ ಗಂಡನನ್ನು ಕಂಡು ಗಂಗಾಂಬಿಕಾ ತಡವರಿಸಿದರು.

"ನಾನೂ ಅದಕ್ಕ ಹೆದರಿ ಬಾಗಲಾ ಹಾಕ್ಕೊಂಡಿದ್ದೆ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ಸಾರ್, ಈ ನಲ್ಲಿ ಪೈಪ್ ಯಾರ್ದು?" ಹೊರಗಿನಿಂದ ಯಾರೋ ಕೂಗಿದರು. ದೋಣಿಯ ಕುಡಿಯುವ ನೀರಿನ ಟ್ಯಾಂಕಿಗೆ ದಡದ ನಲ್ಲಿಯಿಂದ ಬೆಳಿಗ್ಗೆ ಎದ್ದೊಡನೆ ಬಸವಂತಪ್ಪನವರೇ ಸಿಕ್ಕಿಸಿ ಮರೆತ ಪೈಪು! ಟ್ಯಾಂಕು ತುಂಬಿ, ಉಕ್ಕಿ, ಒಳಗೆಲ್ಲ ಹರಿದಿತ್ತು. ದೋಣಿಗೆ ಎಲ್ಲಿಯೂ ತೂತಿರಲಿಲ್ಲ. ಬಸವಂತಪ್ಪನವರು ಲೈಫ್ ಜಾಕೆಟ್ಟಿನಲ್ಲೇ ಕುಸಿದು ಕೂತು, ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟರು.

ಅಷ್ಟು ಹೊತ್ತಿಗೆ ಶ್ರೀದೇವಿ ಓಡೋಡಿ ಬಂದಳು. ಫೋನು ಮಾಡಿದವನು ವೇಣುಗೋಪಾಲನೇ. ಬೈಯಲೆಂದು ಬಾಯಿ ತೆರೆದವಳು, ತೊಯ್ದು ತೊಪ್ಪೆಯಾಗಿ ಚಿಕ್ಕ ಮಕ್ಕಳಂತೆ ನಗುತ್ತಿದ್ದ ಅಪ್ಪ ಅಮ್ಮನನ್ನು ನೋಡಿ ಬೈಗುಳ ಮರೆತಳು. ಇಡೀ ಚಳಿಗಾಲ ತನ್ನ ಮನೆಯಲ್ಲಿ ಇಬ್ಬರೂ ಒಮ್ಮೆಯೂ ಹೀಗೆ ನಕ್ಕಿರಲಿಲ್ಲ.

"ಆಯ್ತಪ್ಪಾ, ಬೋಟ್ ಮಾರಲ್ಲ. ಇಲ್ಲೇ ಇರಿ" ಎಂದಳು.

ಬಸವಂತಪ್ಪನವರ ಕಣ್ಣು ತುಂಬಿತು.

"ಆದ್ರೆ ಡೈಲಿ ಯಾರಾದ್ರೂ ಬಂದು ಚೆಕ್ ಮಾಡ್ಬೇಕು. ವೇಣು ಅಂಕಲ್ ಒಪ್ಕೊಂಡಿದಾರೆ. ಇನ್ನೊಂದು ಕೀ ಅವರಿಗೆ ಕೊಟ್ಟಿದೀನಿ."

ಬಸವಂತಪ್ಪನವರು ಗಾಬರಿಯಿಂದ ಹೆಂಡತಿಯ ಮುಖ ನೋಡಿದರು. ಅಡುಗೆಕೋಣೆಯೊಳಗಿಂದ ವೇಣುಗೋಪಾಲನ ದನಿ ಕೇಳಿಸಿತು: "ಸಾರ್, ಸಕ್ಕರೆ ಎಲ್ಲಿಟ್ಟಿದೀರಾ? ನನ್ನ ಕಾಫಿಗೆ ಎರಡು ಸ್ಪೂನ್ ಬೇಕು."