ದೊರೆಸ್ವಾಮಿಯ ಗೂಟವಿಜಯ

ಎಲೈ ಕೆಮ್ಮಣ್ಣಿನ ಅಧಿದೇವತೆಯೇ, ಅರಿಸಿನ ಮಜ್ಜಿಗೆ ಎಳ್ಳೆಣ್ಣೆಗಳನ್ನುಂಡು ಹದಗೊಂಡು ಮಲ್ಲರ ಬೆನ್ನಿಗಾಗಿ ಸದಾ ಹಸಿದಿರುವ ಮಟ್ಟಿಯೇ, ನನ್ನ ನಾಲಗೆಯಲ್ಲಿ ನೆಲೆಸು! ಮುಂಜಾನೆಯೇ ಮಂಡಿಚಿಪ್ಪುಗಳು ಮಾತಾಡತೊಡಗುವ ನಲವತ್ತೇಳನೆಯ ವಯಸ್ಸೆಂಬ ಘೋರಯುಗದಲ್ಲಿ, ಮೈಸೂರಿನ ಅಂಚೆ ಕಚೇರಿಯ ಮುದ್ರಾಪ್ರಹಾರಪ್ರವೀಣನೂ ಚಕ್ಕುಲಿಕೋಡುಬಳೆಸಂವರ್ಧಿತೋದರನೂ ಆದ ದೊರೆಸ್ವಾಮಿಯು, ಇಪ್ಪತ್ತೆರಡು ವರ್ಷಗಳ ಅಜ್ಞಾತವಾಸವನ್ನು ಮುಗಿಸಿ ಗರಡಿಮನೆಗೆ ಮರಳಿದ ಕಥೆಯನ್ನು ಹಾಡುವೆನು. ಅರಿಸಮಾಸವನ್ನು ಪಂಡಿತರು ಮನ್ನಿಸಲಿ. ಆ ಹೊಟ್ಟೆ ಯಾವ ವ್ಯಾಕರಣಕ್ಕೂ ಒಳಪಡುವಂಥದ್ದಾಗಿರಲಿಲ್ಲ.

ಅವನು ಬಯಸಿ ಬಂದ ಸಾಮ್ರಾಜ್ಯ ಗೋಡೆಯ ಮೇಲಿನ ಒಂದು ಮರದ ಗೂಟ. ಆ ಗರಡಿಯಲ್ಲಿ ಲಂಗೋಟಿ ನೇತುಹಾಕಲು ಗೂಟವಿದ್ದವನೇ ಶಿಷ್ಯ. ಇಲ್ಲದವನು ಬರೀ ನೋಡುಗ. ಮದುವೆಯ ಹೊಸತರಲ್ಲಿ "ನಾಳೆ ಬರ್ತೀನಿ" ಎಂದು ಹೋದ ದೊರೆಸ್ವಾಮಿಯ ಗೂಟದಲ್ಲಿ ಈಗ ಉಸ್ತಾದ್ ಗುರುಮಲ್ಲಣ್ಣನವರ ಕೊಡೆ ತೂಗುತ್ತಿತ್ತು.

"ನಾಳೆ ಅಂದಿದ್ದೆ ಕಣ್ಲಾ, ಇವತ್ತು ಬಂದಿದ್ದೀಯ," ಎಂದರು ಉಸ್ತಾದರು. "ಕಟ್ಟಳೆ ಮರ್ತಿಲ್ಲ ತಾನೆ? ಊದುಬತ್ತಿ ಉರಿಯೋ ಗಂಟ ಬೆನ್ನಿಗೆ ಮಣ್ಣು ಹತ್ತಬಾರ್ದು. ಹತ್ತುದ್ರೆ ಗೂಟ ನನ್ ಕೊಡೆಗೇ."

ಬತ್ತಿ ಹೊತ್ತಿತು. ಎದುರಿಗೆ ನಿಂತವನು ಮಾರುಕಟ್ಟೆಯಲ್ಲಿ ಮಲ್ಲಿಗೆ ಮಾರುವ, ಮೂವತ್ತರ ಹರೆಯದ, ಮೊಳಮಾಪನಚತುರ ಜವರನಾಯ್ಕ. ಮೂರು ದಿನಗಳಿಂದ ಮುದ್ರೆಯೊತ್ತುತ್ತಲೇ ಗೊಣಗಿ ಗೊಣಗಿ ಬಾಯಿಪಾಠ ಮಾಡಿದ್ದ ವೀರಭಾಷಣವನ್ನು ದೊರೆಸ್ವಾಮಿಯು ಮೊಳಗಿಸಿದನು:

"ಎಲವೋ ಪುಷ್ಪವಣಿಜ! ದಿನಕ್ಕೆ ಸಾವಿರ ಲಕೋಟೆಗಳ ನೆತ್ತಿಯನ್ನು ಅಪ್ಪಚ್ಚಿಗೊಳಿಸುವ ಈ ಭುಜದಂಡವನ್ನು ಕಂಡೂ ನಿಂತಿರುವೆಯಾ? ನಿನ್ನನ್ನು ಮಡಿಸಿ, ಅಂಟಿಸಿ, ವಿಳಾಸವೇ ಇಲ್ಲದ ಊರಿಗೆ ರವಾನಿಸುವೆನು!"

"ಆಯ್ತು ಕಣಣ್ಣ. ಕಾಲು ಜೋಪಾನ," ಎಂದನು ಜವರನಾಯ್ಕ.

ಆಗ ದಿಕ್ಕುಗಳು ಬಿರಿಯುವಂತೆ, ಪಕ್ಕದ ಹೋಟೆಲಿನ ಇಡ್ಲಿಗಳು ಹಬೆಯಲ್ಲೇ ನಡುಗುವಂತೆ, ದೊರೆಸ್ವಾಮಿಯು ತೊಡೆ ತಟ್ಟಿದನು. ಇಪ್ಪತ್ತೆರಡು ವರ್ಷಗಳಿಂದ ಯಾರೂ ತಟ್ಟದೆ ಸುಖವಾಗಿ ಮಲಗಿದ್ದ ತೊಡೆಯದು. ಬೆಚ್ಚಿಬಿದ್ದು ನರ ಹಿಡಿದುಕೊಂಡಿತು. "ಅಯ್ಯಯ್ಯಪ್ಪೋ!" ಎಂಬ ರಣಘೋಷದೊಡನೆ ವೀರನು ಬೋರಲಾಗಿ ಮಟ್ಟಿಗುರುಳಿದನು.

ಆದರೆ ಬಿದ್ದದ್ದು ಹೊಟ್ಟೆ. ಬೆನ್ನು ಇನ್ನೂ ಆಕಾಶಕ್ಕೇ ಸೇರಿತ್ತು! ಜವರನಾಯ್ಕ ಹೆಗಲು ಹಿಡಿದೆತ್ತಿದ, ಸೊಂಟ ಹಿಡಿದು ಹೊರಳಿಸಿದ. ಅರ್ಧ ಹೊರಳಿದ ದೇಹವು ಎತ್ತ ತಳ್ಳಿದರೂ ಬುಡಕ್ಕೇ ಮರಳುವ ಬೊಂಬೆಯಂತೆ ಪುನಃ ಹೊಟ್ಟೆಗೇ ಮರಳುತ್ತಿತ್ತು. ಕಡೆಗೆ ಅವನಿಗೇ ಕನಿಕರ ಬಂತು.

"ನೋಯ್ತಾ ಅದಾ ಅಣ್ಣ?"

"ನೋಯ್ತದೆ! ಬತ್ತಿ ಎಷ್ಟು ಉಳ್ದದೆ, ಅದನ್ನ ಹೇಳು!"

ಬತ್ತಿಯ ಕೊನೆಯ ಬೂದಿ ಉದುರಿತು. ಉಸ್ತಾದರು ಬಗ್ಗಿ ನೋಡಿದರು. ಹಣೆಯಿಂದ ಮಂಡಿಯವರೆಗೆ ಮುಂಭಾಗವೆಲ್ಲ ಕೆಮ್ಮಣ್ಣು. ಬೆನ್ನು ಮಾತ್ರ ತೊಳೆದ ತಟ್ಟೆ. ಅವರು ಹೋಗಿ ಗೂಟದಿಂದ ಕೊಡೆಯನ್ನು ತೆಗೆದರು. ದೊರೆಸ್ವಾಮಿಯು ನಾಚಿಕೆಯಿಲ್ಲದೆ ಅತ್ತುಬಿಟ್ಟನು. ಅಷ್ಟು ಸಂತೋಷ ಅವನಿಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಮೈ ತೊಳೆದು, ಬಟ್ಟೆಯುಟ್ಟು, ಹಿಂಡಿದ ಲಂಗೋಟಿಯನ್ನು ಜಯಧ್ವಜದಂತೆ ಹಿಡಿದು ಆ ಲಕೋಟಾಮರ್ದನನು ಗೂಟದೆಡೆಗೆ ಕೈಯೆತ್ತಿದನು. ಜವರನಾಯ್ಕ ಎಳೆದಾಡಿದ್ದ ಹೆಗಲು ಹಿಡಿದುಕೊಂಡು, ಕೈ ಎದೆಯವರೆಗೆ ಬಂದು ನಿಂತಿತು. ಎಡಗೈಯಲ್ಲಿ ಪ್ರಯತ್ನಿಸಿದನು, ಅದು ಅಷ್ಟೂ ಬರಲಿಲ್ಲ.

"ಕೊಡಣ್ಣ, ನಾನ್ ಹಾಕ್ತೀನಿ," ಎಂದನು ಜವರನಾಯ್ಕ.

"ಮುಟ್ಬ್ಯಾಡ! ಅವರವರ ಲಂಗೋಟಿ ಅವರವರೇ ಹಾಕ್ಬೇಕು. ಕಟ್ಟಳೆ," ಎಂದು ಗದರಿದ ಉಸ್ತಾದರು, ಸುತ್ತಿಗೆ ತಂದು ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದು ಮೊಳೆ ಹೊಡೆದರು. ದೊರೆಸ್ವಾಮಿ ಅದಕ್ಕೆ ತನ್ನ ಲಂಗೋಟಿಯನ್ನು ಸಿಕ್ಕಿಸಿದ.

ಮೇಲಿನ ಗೂಟಕ್ಕೆ ಕೊಡೆ ಮರಳಿತು.