ನಲವತ್ತು ಮೂಗು, ನಲವತ್ತು ಅರಿವೆ

ಯೋಜನೆ ಹಾಕದೆ ನಮ್ಮ ಕಾಕಾ ಸೀನಿದ್ದನ್ನೂ ನಾನು ನೋಡಿಲ್ಲ! ಎಂಬತ್ತರ ದಶಕದಲ್ಲಿ ಅವರು ನಿಪ್ಪಾಣಿಯ ಒಂದು ತಂಬಾಕಿನ ವಖಾರಿಯಲ್ಲಿ ಹಾಜರಿ ಬರೆಯುವ ಗುಮಾಸ್ತರು. ಪಕ್ಕದಲ್ಲೇ ತೂಕದ ಚೀಟಿ ಬರೆಯುತ್ತಿದ್ದವನು ನಾನು. ಎದುರಿಗೆ ತಂಬಾಕು ಬಡಿದು ಜರಡಿ ಹಿಡಿಯುವ ನಲವತ್ತು ಹೆಂಗಸರು. ಅವರಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕುವೂ ಒಬ್ಬರು. ಧೂಳಿಗೆ ಎಲ್ಲರೂ ಸೀನಿದರೆ ಕಾಕು ಮಾತ್ರ ಕೆಮ್ಮುತ್ತಿದ್ದರು, ಬಿಟ್ಟೂಬಿಡದೆ.

ಒಂದು ದಿನ ಹಾಜರಿ ಪುಸ್ತಕದ ಹಿಂಬದಿಯಲ್ಲಿ ‘ಕಾರ್ಮಿಕರ ಆರೋಗ್ಯ ಯೋಜನೆ’ ಎಂಬ ಶೀರ್ಷಿಕೆ ಕಾಣಿಸಿತು. ಸುತ್ತ ಕೆಂಪು ಶಾಯಿಯ ಚೌಕಟ್ಟು ಬೇರೆ!

ಮೊದಲನೆಯದು ವ್ಯಾಯಾಮ. ಹಳ್ಳಿಗಳಿಂದ ನಡೆದು ಬಂದವರಿಗೆ ‘ಕೈ ಎತ್ತಿ ಜಿಗಿಯಿರಿ’ ಎಂದರೆ ಹೇಗಿರಬೇಡ?

“ಜರಡಿ ಹಿಡದು ತೋಳ ಬಿದ್ದ ಹೋಗ್ಯಾವ್ರಿ. ನೀವ ಜಿಗೀರಿ, ನಾವು ಕುಂತು ನೋಡ್ತೀವಿ,” ಎಂದಳೊಬ್ಬ ಅಜ್ಜಿ.

ಕಾಕಾ ಜಿಗಿದೇಬಿಟ್ಟರು! ಧೋತರ ಕೈಕೊಟ್ಟಿತು. ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ‘ಎಲ್ಲರ ಪುಪ್ಪುಸಕ್ಕೂ ವ್ಯಾಯಾಮವಾಯಿತು’ ಎಂದು ಕಾಕಾ ಗಂಭೀರವಾಗಿ ಬರೆದುಕೊಂಡರು.

ಮುಂದಿನದು ಮಿಶ್ರಿ ಬಿಡಿಸುವುದು. ನಮ್ಮ ಕಡೆ ತಂಬಾಕು ಹುರಿದು, ಪುಡಿಮಾಡಿ ಹಲ್ಲು ತಿಕ್ಕುತ್ತಾರಲ್ಲ, ಅದೇ. ಕಾಕಾ ಅರ್ಧ ತಾಸು ಭಾಷಣ ಬಿಗಿದು, “ಎಲ್ಲಾರೂ ಡಬ್ಬಿ ಇಲ್ಲೆ ಇಡ್ರಿ!” ಎಂದು, ನೆಲಕ್ಕೆ ಹಾಸಲು ಜೇಬಿನಿಂದ ಕರವಸ್ತ್ರ ಜಗ್ಗಿದರು. ಮೊದಲು ಉರುಳಿ ಬಿದ್ದದ್ದು ಅವರದೇ ಡಬ್ಬಿ!

“ಇದಿಲ್ಲಂದ್ರ ನನಗ ಮುಂಜಾನೆ ಹೊಟ್ಟಿ ಸಾಫ್ ಆಗೂದಿಲ್ರಿ,” ಎಂದು ಅದನ್ನು ಮತ್ತೆ ಜೇಬಿಗೆ ಸೇರಿಸಿದರು. ಯೋಜನೆ ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಎಲ್ಲಿ ಮುಗಿಯುತ್ತದೆ! ತಮ್ಮ ಎರಡು ಧೋತರ ಹರಿದು, ಒಗೆದು, ತಾವೇ ಅಂಚು ಹೊಲಿದು ನಲವತ್ತು ಅರಿವೆ ತಂದರು. ಮೂಗಿಗೆ ಕಟ್ಟಿಕೊಳ್ಳಬೇಕಂತೆ.

“ಬಾಯಿ ಕಟಗೊಂಡ್ರ ಮಾತಾಡೂದು ಹ್ಯಾಂಗ್ರಿ?” ಎಂದು ಹೆಂಗಸರು ಅವನ್ನು ಬುತ್ತಿಯ ಭಕ್ರಿ ಕಟ್ಟಲು ಒಯ್ದರು. ಮರುದಿನ ಅರಿವೆ ಕಟ್ಟಿಕೊಂಡು ಕುಳಿತದ್ದು ಕಾಕು ಒಬ್ಬರೇ.

“ಯೋಜನಾ ಪೂರಾ ಫೇಲ್ ಆತಲ್ರಿ ಕಾಕಾ!” ಎಂದು ನಾನು ಕಿಚಾಯಿಸಿದೆ. ಕಾಕಾ ಕೆಂಪು ಶಾಯಿಯಲ್ಲಿ ‘ಯಶಸ್ವಿ’ ಎಂದು ಬರೆದರು. ಆಮೇಲೆ ತಲೆ ಎತ್ತದೆ ಮೆಲ್ಲಗೆ ಹೇಳಿದರು:

“ಮನ್ಯಾಗ ಅವ್ವ-ಅಪ್ಪನ ಮುಂದ ಹೇಂತಿಗೆ ಒಂದ್ ಮಾತು, ‘ನಿನ್ನ ಜೀವಾ ಜ್ವಾಕಿ’ ಅನ್ನಾಕ ಆಗವಲ್ದೋ. ನಾಚಿಕಿ ಬರ್ತೈತಿ. ಅದಕ್ಕ ನಲವತ್ತು ಮಂದೀಗಿ ಹೇಳಬೇಕಾತು.”

ಅಷ್ಟು ದಿನ ನಕ್ಕಿದ್ದಕ್ಕೆ ನನಗೇ ನಾಚಿಕೆಯಾಯಿತು. ಧೂಳಿನಾಚೆ ನೋಡಿದೆ. ಕಾಕು ಜರಡಿ ನಿಲ್ಲಿಸಿ, ಸಡಿಲಾಗಿದ್ದ ಅರಿವೆಯನ್ನು ಮತ್ತೊಮ್ಮೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದರು.